ಮಸ್ಕಿಯಲ್ಲಿ ಪಕ್ಷ ಎಲ್ಲಿತ್ತು?

2018ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಮಸ್ಕಿ ಕ್ಷೇತ್ರದಿಂದ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರುವಿಹಾಳರ ಎದುರು 213 ಮತಗಳ ಅಂತರದಲ್ಲಿ ಗೆದ್ದರು. ಮೂರು ವರ್ಷದ ನಂತರ, 2021ರ ಏಪ್ರಿಲ್ 17ರಂದು, ಅಲ್ಲಿ ಉಪಚುನಾವಣೆ ನಡೆದಾಗ ಎದುರುಬದುರಾದವರು ಅದೇ ಇಬ್ಬರು. ಆದರೆ ಈ ಸಲ ಪ್ರತಾಪಗೌಡರು ಬಿಜೆಪಿ, ಬಸನಗೌಡರು ಕಾಂಗ್ರೆಸ್. ಮೇ 2ರಂದು ಎಣಿಕೆ ಮುಗಿದಾಗ ಬಸನಗೌಡರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. 2023ರಲ್ಲಿ ಇದೇ ಜೋಡಿ, ಇದೇ ಚಿಹ್ನೆಗಳು, ಗೆದ್ದವರೂ ಅವರೇ.

ನಡುವೆ ಏನಾಯಿತು ಎನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ. 2019ರ ಜುಲೈಯಲ್ಲಿ ಕುಮಾರಸ್ವಾಮಿ ಸರ್ಕಾರ ಬಿದ್ದಾಗ ಅನರ್ಹಗೊಂಡ 17 ಶಾಸಕರಲ್ಲಿ ಪ್ರತಾಪಗೌಡರೂ ಒಬ್ಬರು. ಅನರ್ಹತೆ ಸರಿ, ಆದರೆ ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷ ನವೆಂಬರ್ 13ರಂದು ತೀರ್ಪು ಕೊಟ್ಟಿತು. ಉಳಿದ ಹೆಚ್ಚಿನ ಕ್ಷೇತ್ರಗಳಿಗೆ ಡಿಸೆಂಬರಿನಲ್ಲೇ ಉಪಚುನಾವಣೆಯಾಯಿತು. 2018ರ ಫಲಿತಾಂಶದ ಮೇಲಿನ ತಕರಾರು ಅರ್ಜಿ ಹೈಕೋರ್ಟಿನಲ್ಲಿ ಇದ್ದುದರಿಂದ ಮಸ್ಕಿಯ ಜನ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಶಾಸಕರಿಲ್ಲದೆ ಕಳೆದರು.

ಪಕ್ಷಾಂತರವನ್ನು ಬಯ್ಯುವುದು ಸುಲಭ, ನನಗೆ ಅದರಲ್ಲಿ ಆಸಕ್ತಿಯಿಲ್ಲ. 2018ರಲ್ಲಿ ಕಾಂಗ್ರೆಸ್ಸಿಗೆ ಮತ ಹಾಕಿದ ಒಬ್ಬ ಹತ್ತಿ ಬೆಳೆಗಾರ 2021ರಲ್ಲಿ ಏನು ಮಾಡಿದರೆ ಆತ ತನ್ನ ಮಾತಿಗೆ ನಿಂತ ಹಾಗೆ? ಕಾಂಗ್ರೆಸ್ಸಿಗೇ ಮತ ಹಾಕಿದರೆ ಹಿಂದಿನ ಸಲ ತಾನು ಸೋಲಿಸಿದ ಮನುಷ್ಯನನ್ನು ಗೆಲ್ಲಿಸಿದಂತೆ. ಪ್ರತಾಪಗೌಡರಿಗೇ ಹಾಕಿದರೆ ತಾನು ಬೇಡವೆಂದ ಪಕ್ಷವನ್ನು ಬೇಕೆಂದಂತೆ. ಪಕ್ಷ ಎನ್ನುವುದು ಆತನ ಊರಿನಲ್ಲಿ ಎಲ್ಲಿತ್ತು ಎಂದು ಕೇಳಿದರೆ ಉತ್ತರ ಕಷ್ಟ.

ಇದು ಮಸ್ಕಿಯೊಂದರ ವಿಶೇಷವಲ್ಲ. ಪಕ್ಕದ ಲಿಂಗಸುಗೂರಿನಲ್ಲಿ ಮಾನಪ್ಪ ವಜ್ಜಲರು 2008ರಲ್ಲಿ ಬಿಜೆಪಿಯಿಂದ, 2013ರಲ್ಲಿ ಜೆಡಿಎಸ್‌ನಿಂದ, 2023ರಲ್ಲಿ ಮತ್ತೆ ಬಿಜೆಪಿಯಿಂದ ಆಯ್ಕೆಯಾದರು. ಸಿಂಧನೂರಿನಲ್ಲಿ 2013ರಲ್ಲಿ ಹಂಪನಗೌಡ ಬಾದರ್ಲಿ, 2018ರಲ್ಲಿ ವೆಂಕಟರಾವ್ ನಾಡಗೌಡ, 2023ರಲ್ಲಿ ಮತ್ತೆ ಬಾದರ್ಲಿ. ಈ ಕಡೆ ಯಾರನ್ನಾದರೂ ನೀವು ಯಾವ ಪಾರ್ಟಿ ಎಂದು ಕೇಳಿ ನೋಡಿ. ‘ಪಾರ್ಟಿ ಗೀರ್ಟಿ ಏನಿಲ್ರಿ, ನಾವು ಗೌಡ್ರ ಕಡೆ ಮಂದಿ’ ಎನ್ನುವ ಧಾಟಿಯ ಉತ್ತರ ಬರುತ್ತದೆ. ‘ಕಡೆ ಮಂದಿ’ ಎನ್ನುವುದು ಇಲ್ಲಿ ಪಕ್ಷಕ್ಕಿಂತ ಗಟ್ಟಿಯಾದ ಪದ. ಅದರಲ್ಲಿ ಜಾತಿ ಇದೆ, ಸಾಲ ಇದೆ, ಕಾಲುವೆಯ ನೀರಿನ ಸರದಿ ಇದೆ, ಆಸ್ಪತ್ರೆಗೆ ಹೋಗುವಾಗ ಮಾಡುವ ಒಂದು ಫೋನ್ ಕರೆ ಇದೆ.

ನಾನು ಓದುತ್ತಿರುವ ವಿಷಯ ಬೇರೆ ಲೋಕದ್ದು ಎನ್ನಿಸುವಷ್ಟು ದೂರದ್ದು: ಬೆಳೆಯುತ್ತಿರುವ ಪ್ರಜಾಪ್ರಭುತ್ವಗಳಲ್ಲಿ ರಾಜಕೀಯ ಪಕ್ಷಗಳನ್ನು ಬಲಪಡಿಸಲು ಶ್ರೀಮಂತ ದೇಶಗಳು ಕೊಡುವ ನೆರವು. ಜರ್ಮನಿಯಲ್ಲಿ ಪ್ರತಿ ದೊಡ್ಡ ಪಕ್ಷಕ್ಕೂ ಹತ್ತಿರವಾದ ಒಂದೊಂದು ಪ್ರತಿಷ್ಠಾನವಿದೆ. ಸೋಷಿಯಲ್ ಡೆಮಾಕ್ರಟರದು ಫ್ರೀಡ್ರಿಶ್ ಎಬರ್ಟ್ ಪ್ರತಿಷ್ಠಾನ, ಕ್ರಿಶ್ಚಿಯನ್ ಡೆಮಾಕ್ರಟರದು ಕೊನ್ರಾಡ್ ಅಡೆನಾವರ್ ಪ್ರತಿಷ್ಠಾನ. ಇವುಗಳ ಹಣ ಬಹುಪಾಲು ಅಲ್ಲಿನ ಸರ್ಕಾರದ್ದು. ಅಮೆರಿಕದಲ್ಲಿ 1983ರಲ್ಲಿ ಎರಡು ಪಕ್ಷಗಳ ಹೆಸರಿನಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು. ಬ್ರಿಟನ್ನಿನ ವೆಸ್ಟ್‌ಮಿನ್‌ಸ್ಟರ್ ಫೌಂಡೇಶನ್ 1992ರದ್ದು, ನೆದರ್‌ಲ್ಯಾಂಡ್ಸ್‌ನದು 2000ದ್ದು. ಇವರು ಮಾಡುವ ಕೆಲಸ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಕಾರ್ಯಕರ್ತರಿಗೆ ತರಬೇತಿ, ಪ್ರಣಾಳಿಕೆ ಬರೆಯುವುದು ಹೇಗೆ, ಸದಸ್ಯರ ಪಟ್ಟಿ ಇಡುವುದು ಹೇಗೆ, ಮಹಿಳಾ ಘಟಕ ಕಟ್ಟುವುದು ಹೇಗೆ, ಸಮೀಕ್ಷೆ ನಡೆಸುವುದು ಹೇಗೆ. ಪಕ್ಷಗಳು ದುರ್ಬಲವಾದರೆ ಪ್ರಜಾಪ್ರಭುತ್ವವೂ ದುರ್ಬಲ, ಆದ್ದರಿಂದ ಪಕ್ಷಗಳನ್ನು ಗಟ್ಟಿಮಾಡೋಣ ಎನ್ನುವುದು ಅವರ ತರ್ಕ. ಕಾಗದದ ಮೇಲೆ ಇದರಲ್ಲಿ ದೋಷವಿಲ್ಲ. ಮಸ್ಕಿಯನ್ನು ನೋಡಿದವರು ಈ ತರ್ಕಕ್ಕೆ ತಲೆಯಾಡಿಸಿಯಾರು ಕೂಡ.

ಭಾರತದಲ್ಲಿ ಈ ಬಾಗಿಲು ಕಾನೂನಿನಲ್ಲೇ ಮುಚ್ಚಿದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬಂದ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಪಕ್ಷಗಳು, ಅಭ್ಯರ್ಥಿಗಳು, ಶಾಸಕರು ಹೊರದೇಶದ ಹಣ ಮುಟ್ಟಬಾರದು ಎಂದಿತು. 2010ರ ಹೊಸ ಕಾಯ್ದೆಯೂ ಅದನ್ನೇ ಹೇಳುತ್ತದೆ. ಹಿನ್ನೆಲೆಯಲ್ಲಿ ಭಯಕ್ಕೆ ಕಾರಣವೂ ಇತ್ತು. 1973ರಿಂದ 75ರವರೆಗೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್, ಕೇರಳದಲ್ಲೊಮ್ಮೆ ಪಶ್ಚಿಮ ಬಂಗಾಳದಲ್ಲೊಮ್ಮೆ ಕಮ್ಯುನಿಸ್ಟರನ್ನು ಎದುರಿಸಲು ತಮ್ಮ ಸರ್ಕಾರ ಕಾಂಗ್ರೆಸ್ಸಿಗೆ ಹಣ ಕೊಟ್ಟಿತ್ತು ಎಂದು ಮುಂದೆ ಬರೆದರು. ಸೋವಿಯತ್ ಹಣದ ಮಾತು ಇನ್ನೊಂದು ಕಡೆಯಿಂದ ಬಂತು.

ಹಾಗಿದ್ದೂ ‘ವಿದೇಶಿ ಕೈ’ ಎಂಬ ಮಾತು ನಮ್ಮಲ್ಲಿ ವಿಚಾರಕ್ಕಿಂತ ಬೈಗುಳವಾಗಿಯೇ ಹೆಚ್ಚು ಬಳಕೆಯಾಗಿದೆ. 2025ರ ಫೆಬ್ರವರಿಯಲ್ಲಿ ಅಮೆರಿಕದ ವೆಚ್ಚ ಕಡಿತದ ತಂಡ ಭಾರತದ ಮತದಾನ ಹೆಚ್ಚಿಸಲು ಇಟ್ಟಿದ್ದ 2.1 ಕೋಟಿ ಡಾಲರ್ ರದ್ದು ಮಾಡಿದ್ದೇವೆ ಎಂದು ಘೋಷಿಸಿದಾಗ ಪಕ್ಷಗಳು ಒಂದರ ಮೇಲೊಂದು ಬೊಟ್ಟು ಮಾಡಿದವು. ಆ ಹಣ ಇದ್ದದ್ದು ಬಾಂಗ್ಲಾದೇಶಕ್ಕೆ ಎಂದು ಇಂಡಿಯನ್ ಎಕ್ಸ್‌ಪ್ರೆಸ್ ದಾಖಲೆ ಸಮೇತ ಬರೆಯಿತು. ಅಷ್ಟು ಹೊತ್ತಿಗೆ ಟಿವಿಯವರು ಬೇರೆ ವಿಷಯಕ್ಕೆ ಹೋಗುವ ಅವಸರದಲ್ಲಿದ್ದರು.

ನನ್ನ ಪ್ರಶ್ನೆ ಇದು. ಪಕ್ಷವೊಂದಕ್ಕೆ ಹೊರಗಿನಿಂದ ಬರುವ ಬಲ ಯಾವಾಗ ತಪ್ಪು, ಯಾವಾಗ ಸರಿ? ‘ಹೊರಗು’ ಎಂದರೆ ಎಲ್ಲಿಂದ ಶುರು?

ಸಾಮಾನ್ಯ ಉತ್ತರ ಸಾರ್ವಭೌಮತ್ವದ್ದು. ನಮ್ಮನ್ನು ಯಾರು ಆಳಬೇಕೆಂದು ನಾವು ತೀರ್ಮಾನಿಸಬೇಕು, ಮತ ಹಾಕಲು ಹಕ್ಕಿಲ್ಲದವರಿಗೆ ಆ ತೀರ್ಮಾನವನ್ನು ಹಣದಿಂದ ತಿರುಗಿಸುವ ಹಕ್ಕೂ ಇಲ್ಲ. ಇದು ಒಪ್ಪತಕ್ಕ ಮಾತು. ಆದರೆ ಇದನ್ನು ಅಕ್ಷರಶಃ ಹಿಡಿದರೆ ಇದೇ ರಾಯಚೂರು ಜಿಲ್ಲೆಯ ಚರಿತ್ರೆ ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ.

1938ರಲ್ಲಿ ನಿಜಾಮರ ಸರ್ಕಾರ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ಸರಿಯಾಗಿ ಹುಟ್ಟುವ ಮೊದಲೇ ನಿಷೇಧಿಸಿತು. ನಿಷೇಧ ತೆರವಾದದ್ದು 1946ರಲ್ಲಿ. ಮರುವರ್ಷ ಸ್ವಾಮಿ ರಮಾನಂದ ತೀರ್ಥರ ಮುಂದಾಳತ್ವದಲ್ಲಿ ಭಾರತ ಒಕ್ಕೂಟಕ್ಕೆ ಸೇರುವ ಚಳವಳಿ ಆರಂಭವಾಗುತ್ತಿದ್ದಂತೆ ಮತ್ತೆ ಬಂಧನ, ಮತ್ತೆ ದಮನ. ಆಗ ಈ ಪಕ್ಷ ಉಳಿದದ್ದು ಎಲ್ಲಿ? ಗಡಿಯಾಚೆ. ಅಂದಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರಗಳು ಎದ್ದವು. ಮುಂಡರಗಿ ಶಿಬಿರವನ್ನು ನಡೆಸಿದವರು ಅಳವಂಡಿಯ ಶಿವಮೂರ್ತಿಸ್ವಾಮಿಗಳು. ಅಳವಂಡಿ ಆಗ ನಿಜಾಮರ ರಾಯಚೂರು ಜಿಲ್ಲೆಗೆ ಸೇರಿತ್ತು. ಊಟ, ಹಾಸಿಗೆ, ಆಯುಧ, ಅಚ್ಚಾದ ಕರಪತ್ರ ಎಲ್ಲದಕ್ಕೂ ಗಡಿಯಾಚೆಯ ಜನರ ಆಸರೆ ಬೇಕಿತ್ತು. ಕಾನೂನಿನ ಲೆಕ್ಕದಲ್ಲಿ, 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರಿನವರೆಗೆ ಇದು ಒಂದು ರಾಜ್ಯದ ಪಕ್ಷಕ್ಕೆ ಇನ್ನೊಂದು ದೇಶದ ನೆಲದಿಂದ ಸಿಕ್ಕ ನೆರವು. ನಿಜಾಮರ ಪರವಾಗಿದ್ದವರು ಅದನ್ನು ಹೊರಗಿನವರ ಕುಮ್ಮಕ್ಕು ಎಂದೇ ಕರೆದರು. ಇವತ್ತು ಸೆಪ್ಟೆಂಬರ್ 17ರಂದು ಧ್ವಜ ಹಾರಿಸುವ ಯಾರಿಗೂ ಅದು ತಪ್ಪೆನ್ನಿಸುವುದಿಲ್ಲ, ನನಗೂ ಅನ್ನಿಸುವುದಿಲ್ಲ.

ಅಲ್ಲೂ ಇಲ್ಲೂ ಕನ್ನಡವೇ ಇತ್ತು, ಬಂಧುಬಳಗ ಎರಡೂ ಕಡೆ ಇತ್ತು, ಆ ಗಡಿ ಜನರದ್ದಲ್ಲ ಎಂದು ಯಾರಾದರೂ ಹೇಳಬಹುದು. ಸರಿ, ಭಾಷೆಯೂ ಬಂಧುತ್ವವೂ ಇಲ್ಲದ ಇನ್ನೊಂದು ಉದಾಹರಣೆ ನೋಡೋಣ. ಪೋರ್ಚುಗಲ್‌ನ ಸೋಷಿಯಲಿಸ್ಟ್ ಪಕ್ಷ ಹುಟ್ಟಿದ್ದು ಪೋರ್ಚುಗಲ್‌ನಲ್ಲಲ್ಲ. 1973ರ ಏಪ್ರಿಲ್‌ನಲ್ಲಿ ಪಶ್ಚಿಮ ಜರ್ಮನಿಯ ಬಾಡ್ ಮುನ್‌ಸ್ಟರ್‌ಐಫೆಲ್ ಎಂಬ ಪುಟ್ಟ ಊರಿನಲ್ಲಿ, ಎಬರ್ಟ್ ಪ್ರತಿಷ್ಠಾನದ ಆಸರೆಯಲ್ಲಿ. ಸರ್ವಾಧಿಕಾರದಿಂದ ತಪ್ಪಿಸಿಕೊಂಡು ದೇಶಾಂತರ ಬಂದಿದ್ದ ಮಾರಿಯೊ ಸೊವಾರೆಸ್ ಮತ್ತು ಸಂಗಡಿಗರು ಅಲ್ಲಿ ಪಕ್ಷ ಕಟ್ಟಿದರು. ಒಂದೇ ವರ್ಷದಲ್ಲಿ ಲಿಸ್ಬನ್ನಿನಲ್ಲಿ ಕ್ರಾಂತಿಯಾಯಿತು. ಆ ಪಕ್ಷ ಮುಕ್ತ ಚುನಾವಣೆಗಳಲ್ಲಿ ಗೆದ್ದಿದೆ, ಸೋತಿದೆ, ಇಂದಿಗೂ ಇದೆ.

ಮುಂಡರಗಿ ಮತ್ತು ಬಾಡ್ ಮುನ್‌ಸ್ಟರ್‌ಐಫೆಲ್ ಎರಡರಲ್ಲೂ ನೆರವು ಕೊಟ್ಟವರು ಪಕ್ಷ ಮತ್ತು ಅದರ ಜನರ ನಡುವೆ ಬಂದು ಕೂರಲಿಲ್ಲ. ಆ ಎರಡರ ನಡುವೆ ರಾಜ್ಯಶಕ್ತಿ ಕಟ್ಟಿದ್ದ ಗೋಡೆಯಲ್ಲಿ ಒಂದು ಕಿಂಡಿ ಮಾಡಿದರು. ಊರಿಗೆ ಮರಳಿದ ಮೇಲೆ ಪಕ್ಷ ಜನರ ಮುಂದೆ ಕೈಚಾಚಲೇಬೇಕಿತ್ತು. ಶಿಬಿರದ ಊಟದ ಮೇಲೆ ಯಾರೂ ಚುನಾವಣೆ ಗೆಲ್ಲಲಾಗದು.

ಇದಕ್ಕೆ ತದ್ವಿರುದ್ಧವಾದದ್ದು ತಾಂಜಾನಿಯಾದ ಕಿಬಾಹಾದಲ್ಲಿದೆ. ಜೂಲಿಯಸ್ ನೈರೆರೆ ಹೆಸರಿನ ನಾಯಕತ್ವ ಶಾಲೆ 2022ರಲ್ಲಿ ತೆರೆಯಿತು. ಕಟ್ಟಿಸಿದ್ದು ಚೀನಾದ ಕಮ್ಯುನಿಸ್ಟ್ ಪಕ್ಷದ ನೆರವಿನಿಂದ, ಸುಮಾರು 4 ಕೋಟಿ ಡಾಲರ್ ಖರ್ಚಿನಲ್ಲಿ. ಅಲ್ಲಿ ಕಲಿಯುವವರು ದಕ್ಷಿಣ ಆಫ್ರಿಕಾ ಭಾಗದ ಆರು ಪಕ್ಷಗಳ ಕಾರ್ಯಕರ್ತರು. ಆರೂ ವಿಮೋಚನಾ ಹೋರಾಟದಿಂದ ಬಂದವು, ಶಾಲೆ ತೆರೆದಾಗ ಆರೂ ತಮ್ಮ ತಮ್ಮ ದೇಶದಲ್ಲಿ ಅಧಿಕಾರದಲ್ಲಿದ್ದವು. ಪಕ್ಷವನ್ನು ‘ಗಟ್ಟಿ’ ಮಾಡುವುದು ಎಂದರೆ ಇಲ್ಲಿ ಈಗಾಗಲೇ ಗಟ್ಟಿಯಾಗಿರುವವರನ್ನು ಅಲುಗಾಡದಂತೆ ಮಾಡುವುದು. ಪಶ್ಚಿಮದ ನೆರವು ಇಷ್ಟು ನೇರವಾಗಿ ಹೀಗಿರುವುದಿಲ್ಲ. ಆದರೂ ಅದರ ಒಳಗೆ ಕೆಲಸ ಮಾಡಿದವರ ಅನುಭವವನ್ನು ಥಾಮಸ್ ಕೆರಾದರ್ಸ್ 2006ರ ತಮ್ಮ ಪುಸ್ತಕದಲ್ಲಿ ಕಲೆಹಾಕಿದಾಗ ಸಿಕ್ಕಿದ್ದು ತೀರ ಸಾಧಾರಣ ಫಲ. ಎಲ್ಲೂ ಇಲ್ಲದ ಒಂದು ಆದರ್ಶ ಯುರೋಪಿಯನ್ ಪಕ್ಷದ ಅಚ್ಚನ್ನು ಹಿಡಿದುಕೊಂಡು ಊರೂರಿಗೆ ಹೋಗುವುದು, ಮೂರು ದಿನದ ಕಾರ್ಯಾಗಾರ ಮಾಡುವುದು, ವರದಿ ಬರೆಯುವುದು.

‘ಪಕ್ಷ ಬಲಗೊಳ್ಳುವುದು’ ಎನ್ನುವ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ ಎನ್ನುವುದು ನನ್ನ ಅನುಮಾನ. ಯಾರ ಎದುರು ಬಲ? 1985ರಲ್ಲಿ ರಾಜೀವ್ ಗಾಂಧಿ ಸರ್ಕಾರ ಪಕ್ಷಾಂತರ ನಿಷೇಧ ತಂದಾಗ ಅದನ್ನೂ ಪಕ್ಷಗಳನ್ನು ಗಟ್ಟಿಮಾಡುವ ಕ್ರಮವೆಂದೇ ಹೊಗಳಲಾಯಿತು. ಅದರಿಂದ ಬಲ ಬಂದದ್ದು ವಿಪ್ ಕೊಡುವವರಿಗೆ. ಮಸ್ಕಿಯ ಮತದಾರನಿಗೆ, ಬೂತಿನಲ್ಲಿ ಚೀಟಿ ಹಂಚುವ ಹುಡುಗನಿಗೆ ಅದರಿಂದ ಒಂದು ಗುಲಗಂಜಿಯಷ್ಟೂ ಬಲ ಬರಲಿಲ್ಲ. ಶಾಸಕ ಪಕ್ಷ ಬಿಟ್ಟರೆ ಶಿಕ್ಷೆಯಿದೆ. ಪಕ್ಷ ತನ್ನ ಊರಿನ ಸದಸ್ಯರನ್ನು ಕೇಳದೆ ಟಿಕೆಟ್ ಕೊಟ್ಟರೆ ಯಾವ ಶಿಕ್ಷೆಯೂ ಇಲ್ಲ. 1999ರಲ್ಲೇ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ ಪಕ್ಷಗಳ ಒಳಗೆ ಪ್ರಜಾಪ್ರಭುತ್ವ ಕಡ್ಡಾಯವಾಗಲಿ ಎಂದಿತು. 2013ರ ಜೂನ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕಿನಡಿ ಉತ್ತರ ಕೊಡಬೇಕು ಎಂದು ಆದೇಶಿಸಿತು. ಎರಡೂ ಕಪಾಟಿನಲ್ಲಿವೆ. ಇಂಥ ವಿಷಯದಲ್ಲಿ ನಮ್ಮ ಪಕ್ಷಗಳ ನಡುವೆ ಇರುವ ಒಗ್ಗಟ್ಟು ಬೇರೆ ಯಾವುದರಲ್ಲೂ ಕಾಣುವುದಿಲ್ಲ.

ಒಂದು ಕಲ್ಪನೆ ಮಾಡಿಕೊಳ್ಳಿ. ಮಸ್ಕಿ ತಾಲ್ಲೂಕಿನ ಒಂದು ಪಕ್ಷದ ಘಟಕಕ್ಕೆ ಐವತ್ತು ಸಾವಿರ ರೂಪಾಯಿ ಬೇಕಿದೆ. ಅದನ್ನು ಒಂದು ಅಮೆರಿಕನ್ ಸಂಸ್ಥೆ ಕೊಡಬಹುದು. ಬೆಂಗಳೂರಿನ ಒಬ್ಬ ಗುತ್ತಿಗೆದಾರ ಕೊಡಬಹುದು. ಇಲ್ಲವೇ ಐದು ಸಾವಿರ ರೈತರು ತಲಾ ಹತ್ತು ರೂಪಾಯಿ ಕೊಡಬಹುದು. ಕಾನೂನು ಮೊದಲನೆಯದನ್ನು ಮಾತ್ರ ತಪ್ಪೆನ್ನುತ್ತದೆ, ಎರಡನೆಯ ಮತ್ತು ಮೂರನೆಯದನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಆದರೆ ಘಟಕದ ಅಧ್ಯಕ್ಷನ ಬದುಕಿನಲ್ಲಿ ನೋಡಿ. ಮೊದಲ ಎರಡರಲ್ಲಿ ಆತ ಒಂದು ಫೋನ್ ಕರೆಗೆ ಎದ್ದು ನಿಲ್ಲಬೇಕು, ಊರಿನವರನ್ನು ಏನೂ ಕೇಳಬೇಕಾಗಿಲ್ಲ. ಮೂರನೆಯದರಲ್ಲಿ ಐದು ಸಾವಿರ ಬಾಗಿಲು ತಟ್ಟಬೇಕು, ಪ್ರತಿ ಬಾಗಿಲಲ್ಲೂ ಹೋದ ವರ್ಷ ಏನು ಮಾಡಿದಿರಿ ಎನ್ನುವ ಪ್ರಶ್ನೆ ಕಾದಿರುತ್ತದೆ. ನೈತಿಕವಾಗಿ ಗೆರೆ ಎಳೆಯಬೇಕಾದದ್ದು ಎರಡು ಮತ್ತು ಮೂರರ ನಡುವೆ. ಪಕ್ಷವನ್ನು ತನ್ನ ಸದಸ್ಯರನ್ನು ಕೇಳುವ ಅಗತ್ಯದಿಂದ ಬಿಡುಗಡೆ ಮಾಡುವ ಹಣ ಎಲ್ಲಿಂದ ಬಂದರೂ ಹೊರಗಿನದೇ.

ಈ ದೃಷ್ಟಿಯಲ್ಲಿ ನಮ್ಮ ಕಾನೂನಿನ ನಡೆ ವಿಚಿತ್ರವಾಗಿ ಕಾಣುತ್ತದೆ. 2014ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, ವೇದಾಂತ ಸಮೂಹದ ಕಂಪನಿಗಳಿಂದ ದೇಣಿಗೆ ಪಡೆದು ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ವಿದೇಶಿ ವಂತಿಗೆ ಕಾಯ್ದೆ ಉಲ್ಲಂಘಿಸಿವೆ ಎಂದು ತೀರ್ಪು ಕೊಟ್ಟಿತು. ಪಕ್ಷಗಳು ಹಣ ಹಿಂದಿರುಗಿಸಬಹುದಿತ್ತು. ಅದರ ಬದಲು 2016ರ ಹಣಕಾಸು ಕಾಯ್ದೆಯಲ್ಲಿ ‘ವಿದೇಶಿ ಮೂಲ’ ಎಂಬುದರ ವ್ಯಾಖ್ಯೆಯನ್ನೇ ಪೂರ್ವಾನ್ವಯವಾಗಿ ಬದಲಿಸಲಾಯಿತು. 2018ರಲ್ಲಿ ಆ ಬದಲಾವಣೆಯನ್ನು 1976ರವರೆಗೆ ಹಿಂದಕ್ಕೆ ಎಳೆಯಲಾಯಿತು. ಅಂದರೆ ನಲವತ್ತೆರಡು ವರ್ಷಗಳ ತಪ್ಪು ಒಂದು ಸಾಲಿನಲ್ಲಿ ಸರಿಯಾಯಿತು. ಅದೇ ಕಾಲಕ್ಕೆ ಚುನಾವಣಾ ಬಾಂಡ್ ಬಂತು. ಯಾರು ಕೊಟ್ಟರು ಎಂದು ಮತದಾರನಿಗೆ ತಿಳಿಯಬಾರದೆಂದೇ ರೂಪಿಸಿದ ವ್ಯವಸ್ಥೆ ಅದು. ಸುಪ್ರೀಂ ಕೋರ್ಟ್ ಅದನ್ನು 2024ರ ಫೆಬ್ರವರಿ 15ರಂದು ರದ್ದುಮಾಡಿತು. ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ ಕರ್ನಾಟಕದಲ್ಲಿ 40 ಲಕ್ಷದ ಮಿತಿಯಿದೆ, ಪಕ್ಷದ ಖರ್ಚಿಗೆ ಇಂದಿಗೂ ಯಾವ ಮಿತಿಯೂ ಇಲ್ಲ.

ಈಗ ತರಬೇತಿಯ ಮಾತು. ವಿದೇಶಿ ಸಂಸ್ಥೆಗಳು ಬೇರೆ ದೇಶಗಳಲ್ಲಿ ಪಕ್ಷಗಳಿಗೆ ಪುಕ್ಕಟೆ ಕಲಿಸುವ ಸಮೀಕ್ಷೆ, ಘೋಷವಾಕ್ಯ, ಬೂತ್ ಲೆಕ್ಕಾಚಾರವೆಲ್ಲ ನಮ್ಮಲ್ಲಿ ಹಣ ಕೊಟ್ಟರೆ ಸಿಗುತ್ತದೆ. 2023ರಲ್ಲಿ ಕಾಂಗ್ರೆಸ್ಸಿಗೆ ತಂತ್ರ ಹೆಣೆದ ಸುನಿಲ್ ಕನುಗೋಲು ನಮ್ಮ ನೆರೆಯ ಬಳ್ಳಾರಿಯವರೇ. ಇದು ಬಲವೇ? ಚುನಾವಣೆ ಗೆಲ್ಲುವ ಬಲ, ನಿಜ. ಆದರೆ ಹಿಂದೆ ಹಳ್ಳಿಯ ಹಿರಿಯ ಕಾರ್ಯಕರ್ತನನ್ನು ಕೂರಿಸಿಕೊಂಡು ‘ಏನಪ್ಪಾ, ಜನ ಏನಂತಾರ?’ ಎಂದು ಕೇಳುತ್ತಿದ್ದ ನಾಯಕ ಈಗ ಸಮೀಕ್ಷೆಯ ಹಾಳೆ ನೋಡುತ್ತಾನೆ. ಹಾಳೆ ಕೆಲವೊಮ್ಮೆ ಕಾರ್ಯಕರ್ತನಿಗಿಂತ ಹೆಚ್ಚು ನಿಜ ಹೇಳುತ್ತದೆ, ಅದನ್ನು ಅಲ್ಲಗಳೆಯಲಾರೆ. ಒಂದೇ ತೊಂದರೆ, ಹಾಳೆ ಮುನಿಸಿಕೊಳ್ಳುವುದಿಲ್ಲ. ಸದಸ್ಯತ್ವದ ಗತಿಯೂ ಇದೇ. ಮೊಬೈಲಿನಲ್ಲಿ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸದಸ್ಯ. ಪಕ್ಷಕ್ಕೆ ಕೋಟಿಗಟ್ಟಲೆ ಸಂಖ್ಯೆ ಸಿಗುತ್ತದೆ, ಸದಸ್ಯನಿಗೆ ಸಿಗುವುದು ಸಂದೇಶಗಳು.

1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಹೊಸ ಸಂವಿಧಾನ ಮಾಡಿಕೊಂಡಾಗ ಎರಡು ಸಂಗತಿ ಸೇರಿದವು. ಒಂದು, ಭಾಷಾವಾರು ಪ್ರಾಂತ ಸಮಿತಿಗಳು. ಕರ್ನಾಟಕ ರಾಜ್ಯ ಹುಟ್ಟುವ ಮೂರೂವರೆ ದಶಕ ಮೊದಲು ಕರ್ನಾಟಕದ ಕಾಂಗ್ರೆಸ್ ಸಮಿತಿ ಬಂದದ್ದು ಅದರಿಂದ. ಮೊದಲನೆಯದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ಎರಡನೆಯದನ್ನು ಮರೆತಿದ್ದೇವೆ. ಅದು ನಾಲ್ಕಾಣೆ ಸದಸ್ಯತ್ವ. ನಾಲ್ಕಾಣೆ ಆಗ ಬಡವನಿಗೆ ಸಣ್ಣ ಹಣವೇನಲ್ಲ. ಅದನ್ನು ಕೊಟ್ಟವನು ಪಕ್ಷದ ಮೇಲೆ ತನಗೊಂದು ಹಕ್ಕಿದೆ ಎಂದುಕೊಳ್ಳುತ್ತಿದ್ದ. ಆ ಹಕ್ಕು ಪೂರ್ತಿ ನಡೆಯಿತೆಂದು ಹೇಳಲಾರೆ. ಗೌಡ, ದೇಸಾಯಿ, ವಕೀಲರ ಕೈಯಲ್ಲೇ ಆಗಲೂ ಪಕ್ಷವಿತ್ತು. ಆದರೂ ವಂತಿಗೆ ಎನ್ನುವುದು ಒಂದು ಸಂಬಂಧದ ಹೆಸರಾಗಿತ್ತು.

ಆ ಸಂಬಂಧ ನಮ್ಮ ಕಡೆ ಪೂರ್ತಿ ಸತ್ತಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಗೆ ಹೋಗಿ. ಅಲ್ಲಿನ ಕಾರ್ಮಿಕ ಸಂಘದ ಚುನಾವಣೆ ಗುಪ್ತ ಮತದಾನದಲ್ಲಿ ನಡೆಯುತ್ತದೆ. ಎಐಟಿಯುಸಿ, ಟಿಯುಸಿಐ, ಸಿಐಟಿಯು ಎಂದು ಬಾವುಟಗಳು ಎದುರುಬದುರಾಗುತ್ತವೆ. ಗೇಟಿನ ಮುಂದೆ ಭಾಷಣ, ಕಾಲೊನಿಯಲ್ಲಿ ಮನೆಮನೆ ಪ್ರಚಾರ. ನೆಲದಡಿಗೆ ಇಳಿಯುವ ಮನುಷ್ಯನಿಗೆ ತನ್ನ ವೇತನ ಒಪ್ಪಂದ ಯಾರು ಮಾಡಿದರು, ಯಾರು ಕೈಕೊಟ್ಟರು ಎಂದು ಚೆನ್ನಾಗಿ ಗೊತ್ತು. ಇದೇ ಮನುಷ್ಯ ವಿಧಾನಸಭೆಗೆ ಮತ ಹಾಕುವಾಗ ‘ಕಡೆ ಮಂದಿ’ ಆಗಬಹುದು, ಗಣಿಯ ಒಳಗೆ ಮಾತ್ರ ಸದಸ್ಯ. ಅಂದಮೇಲೆ ಇಲ್ಲಿನ ಜನರಿಗೆ ಸಂಘಟನೆಯ ಸಂಸ್ಕೃತಿ ಇಲ್ಲ, ಅದನ್ನು ಹೊರಗಿನವರು ಬಂದು ಕಲಿಸಬೇಕು ಎನ್ನುವ ಮಾತಿಗೆ ಅರ್ಥವಿಲ್ಲ.

2021ರ ಉಪಚುನಾವಣೆಯಲ್ಲೂ ಇದು ಕಂಡಿತು. ಆಗ ಮಸ್ಕಿಯ ದೊಡ್ಡ ವಿಷಯ ನಾರಾಯಣಪುರ ಬಲದಂಡೆಯ 5ಎ ಕಾಲುವೆ. ಸಿಂಧನೂರಿಗೆ ತುಂಗಭದ್ರಾ ಎಡದಂಡೆಯ ನೀರಿದೆ, ಭತ್ತವಿದೆ, ಅಕ್ಕಿ ಗಿರಣಿಗಳಿವೆ. ಕೆಲವೇ ಮೈಲಿ ಆಚೆ ಮಳೆ ನಂಬಿ ಬಿತ್ತುವ ಹಳ್ಳಿಗಳು. ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತರು, ಪಕ್ಷದ ಬಾವುಟ ಹಿಡಿಯದೆ, ಹೋರಾಟ ಸಮಿತಿಯ ಹೆಸರಿನಲ್ಲಿ. ಎಲ್ಲ ಪಕ್ಷದವರೂ ಆ ಪೆಂಡಾಲಿಗೆ ಬಂದುಹೋದರು. ಆಳುವ ಪಕ್ಷದ ಮಂತ್ರಿಗಳು ಕ್ಷೇತ್ರದಲ್ಲೇ ಬೀಡುಬಿಟ್ಟರೂ 30 ಸಾವಿರದ ಅಂತರ ಬಂದದ್ದಕ್ಕೆ ಆ ಪೆಂಡಾಲಿನ ಪಾಲೂ ಇದೆ ಎಂದು ನಾನು ತಿಳಿಯುತ್ತೇನೆ. ಪಕ್ಷ ಮಾಡಬೇಕಿದ್ದ ಕೆಲಸವನ್ನು, ಅಂದರೆ ಚದುರಿದ ಬೇಡಿಕೆಯನ್ನು ಒಂದು ಮಾತಾಗಿ ಕಟ್ಟಿ ಅಧಿಕಾರದ ಮುಂದೆ ಇಡುವುದನ್ನು, ಪಕ್ಷದ ಹೊರಗಿದ್ದವರು ಮಾಡಿದರು. ಪಕ್ಷಗಳು ಅದರ ಫಲವನ್ನು ಹಂಚಿಕೊಂಡವು.

ಇಷ್ಟು ಹೇಳಿದ ಮೇಲೆ ಹೊರಗಿನಿಂದ ಏನೂ ಬರಬಾರದು ಎಂದು ವಾದಿಸುತ್ತಿದ್ದೇನೆ ಎಂದು ಭಾವಿಸಬೇಡಿ. ಮಸ್ಕಿಯಲ್ಲೇ ಇರುವ ಅಶೋಕನ ಶಾಸನ ಹೊರಗಿನಿಂದ ಬಂದದ್ದು. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಅದು ಬಿತ್ತು, ಅದರಲ್ಲಿ ಅಶೋಕ ಎಂಬ ಹೆಸರೇ ಇದ್ದುದರಿಂದ ಜಗತ್ಪ್ರಸಿದ್ಧವಾಯಿತು. ಹೆಸರಿನ ಗದ್ದಲದಲ್ಲಿ ಅದು ಏನು ಹೇಳುತ್ತದೆ ಎನ್ನುವುದು ಹಿಂದೆ ಸರಿದಿದೆ. ಈ ಮೇಲಿನ ಸ್ಥಿತಿಯನ್ನು ದೊಡ್ಡವರು ಮಾತ್ರ ಮುಟ್ಟಬಲ್ಲರು ಎಂದು ತಿಳಿಯಬೇಡಿ, ಸಣ್ಣವನೂ ಮುಟ್ಟಬಲ್ಲ, ಇದನ್ನು ಇಬ್ಬರಿಗೂ ಹೇಳಿ ಎನ್ನುವುದು ಅದರ ತಾತ್ಪರ್ಯ. ದೂರದ ಮಗಧದ ಅರಸು, ಇಲ್ಲಿನವರ ಆಡುನುಡಿಯಲ್ಲದ ಪ್ರಾಕೃತ, ಎಲ್ಲ ನಿಜ. ಹಾಗಿದ್ದರೂ ಬಂದದ್ದು ಒಂದು ಅಳತೆಗೋಲು. ಅಳತೆಗೋಲು ಹೊರಗಿನದಾದರೆ ತೊಂದರೆಯಿಲ್ಲ. ಅಳೆಯುವ ಕೈ ಒಳಗಿನದಾಗಿದ್ದರೆ ಸಾಕು.

ಅಂಥ ಅಳತೆಗೋಲೊಂದು ಜರ್ಮನಿಯಲ್ಲಿದೆ, ಅದು ಅವರ ಪ್ರತಿಷ್ಠಾನಗಳಿಗಿಂತ ನಮಗೆ ಹೆಚ್ಚು ಉಪಯೋಗಿ. ಅಲ್ಲಿ ಸರ್ಕಾರವೇ ಪಕ್ಷಗಳಿಗೆ ಹಣ ಕೊಡುತ್ತದೆ. ಆದರೆ ಎಷ್ಟು ಎನ್ನುವುದು ಮತಗಳ ಜೊತೆಗೆ ಸದಸ್ಯರ ವಂತಿಗೆ ಮತ್ತು ಸಣ್ಣ ದೇಣಿಗೆಗಳ ಮೇಲೆ ನಿಂತಿದೆ. ಪಕ್ಷ ತಾನೇ ದುಡಿದದ್ದಕ್ಕಿಂತ ಹೆಚ್ಚು ಹಣ ಸರ್ಕಾರದಿಂದ ಬರುವಂತಿಲ್ಲ. ಸದಸ್ಯ ಹತ್ತು ರೂಪಾಯಿ ಕೊಟ್ಟರೆ ಅದರ ಹಿಂದೆ ಸರ್ಕಾರದ್ದೂ ನಾಲ್ಕೈದು ರೂಪಾಯಿ ಬರುತ್ತದೆ ಎಂದಾದರೆ ತಾಲ್ಲೂಕು ಅಧ್ಯಕ್ಷನಿಗೆ ಬಾಗಿಲು ತಟ್ಟುವ ಕಾರಣ ಸಿಗುತ್ತದೆ. 1998ರ ಇಂದ್ರಜಿತ್ ಗುಪ್ತ ಸಮಿತಿ ನಮ್ಮಲ್ಲೂ ಸರ್ಕಾರಿ ನೆರವು ಬರಲಿ, ಹಣದ ಬದಲು ಸೌಕರ್ಯದ ರೂಪದಲ್ಲಿ ಇರಲಿ ಎಂದಿತ್ತು. ಆದರೆ ಅದರಲ್ಲಿ ಸದಸ್ಯನ ಹತ್ತು ರೂಪಾಯಿಗೆ ಜಾಗವಿರಲಿಲ್ಲ.

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಹತ್ತು ರೂಪಾಯಿಯನ್ನೂ ಕೊಡಲಾಗದವರು ಇದ್ದಾರೆ, ಅವರ ಪಕ್ಷ ಹೇಗೆ ಬೆಳೆಯಬೇಕು? ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ಮಸ್ಕಿಯ ಕುಟುಂಬಗಳು, ಸಿಂಧನೂರಿನ ಕ್ಯಾಂಪುಗಳಲ್ಲಿ ಜಮೀನಿಲ್ಲದೆ ಕೂಲಿ ಮಾಡುವವರು, ದೇವದಾಸಿ ಪದ್ಧತಿಯಿಂದ ಹೊರಬಂದ ಹೆಂಗಸರು. ವಂತಿಗೆಯೇ ಬಲದ ಅಳತೆಯಾದರೆ ಬಲ ಮತ್ತೆ ಭತ್ತದ ಗದ್ದೆಯಿರುವವರ ಕಡೆಗೇ ವಾಲುತ್ತದೆ. ಇಲ್ಲಿ ಹೊರಗಿನ ನೆರವಿಗೆ ಒಂದು ನ್ಯಾಯವಾದ ಜಾಗ ಇದೆ ಎಂದು ಒಪ್ಪುತ್ತೇನೆ. ಅದು ಪಕ್ಷಕ್ಕೆ ಹೋಗದೆ ಈ ಜನರ ಸಂಘಗಳಿಗೆ, ಅವರ ಓದು ಬರಹಕ್ಕೆ, ಕಾನೂನು ತಿಳಿವಳಿಕೆಗೆ ಹೋಗಬೇಕು. ಪಕ್ಷ ಅವರ ಬಾಗಿಲಿಗೆ ಬಂದಾಗ ಅವರಿಗೆ ಪ್ರಶ್ನೆ ಕೇಳುವ ತ್ರಾಣ ಇರಬೇಕು. ವಿಪರ್ಯಾಸವೆಂದರೆ ವಿದೇಶಿ ವಂತಿಗೆ ಕಾಯ್ದೆಯ ಬಿಗಿ ಈ ದಶಕದಲ್ಲಿ ಹೆಚ್ಚು ತಟ್ಟಿರುವುದು ಇಂಥ ಸಂಘಗಳಿಗೇ. ಪಕ್ಷಗಳು ತಮಗೆ ಬೇಕಾದಾಗ ವ್ಯಾಖ್ಯೆ ಬದಲಿಸಿಕೊಂಡವು, ಸ್ವಯಂಸೇವಾ ಸಂಸ್ಥೆಗಳಿಗೆ 2020ರಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು.

ವಿದೇಶಿ ನೆರವನ್ನು ನೆಚ್ಚಿಕೊಂಡವರ ಪಾಡೇನು ಎನ್ನುವುದು 2025ರ ಜನವರಿಯಲ್ಲಿ ಕಂಡಿತು. ವಾಷಿಂಗ್ಟನ್ನಿನ ಒಂದು ಸಹಿಗೆ ನಾನಾ ದೇಶಗಳಲ್ಲಿ ನಡೆಯುತ್ತಿದ್ದ ಪ್ರಜಾಪ್ರಭುತ್ವ ಕಾರ್ಯಕ್ರಮಗಳು ನಿಂತವು. ಕೊಟ್ಟವರು ಅಲ್ಲಿನ ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮ ದೇಶ ಸ್ವತಃ ಕೊಡುವ ಸಾಲಿನಲ್ಲೂ ನಿಂತಿದೆ, 2005ರಲ್ಲಿ ಶುರುವಾದ ವಿಶ್ವಸಂಸ್ಥೆಯ ಪ್ರಜಾಪ್ರಭುತ್ವ ನಿಧಿಗೆ ದೊಡ್ಡ ಮೊತ್ತ ಕೊಟ್ಟಿದೆ, ಚುನಾವಣಾ ಆಯೋಗ ದೆಹಲಿಯಲ್ಲಿ ಬೇರೆ ದೇಶಗಳ ಅಧಿಕಾರಿಗಳಿಗೆ ಮತದಾನ ನಡೆಸುವುದನ್ನು ಕಲಿಸುತ್ತದೆ.

ಇತ್ತ ಮನೆಯ ಸ್ಥಿತಿ ನೋಡಿದರೆ ಪಕ್ಷಗಳಿಗೆ ಬೇರು ಕೊಡುವ ನೆಲವನ್ನೇ ನಾವು ಬೀಳು ಬಿಟ್ಟಿದ್ದೇವೆ. 1987ರಲ್ಲಿ ಅಬ್ದುಲ್ ನಜೀರ್ ಸಾಬರ ಕನಸಿನ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಾಗ ಪಕ್ಷಗಳು ಹಳ್ಳಿಯಿಂದ ಸಾವಿರಾರು ಹೊಸಬರನ್ನು ಹುಡುಕಬೇಕಾಯಿತು. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಆದ್ದರಿಂದ ಊರಿನ ಕಾರ್ಯಕರ್ತ ಪಕ್ಷದ ಹೆಸರಿನಲ್ಲಿ ಜನರ ಮುಂದೆ ನಿಲ್ಲುವ ಮೊದಲ ಮೆಟ್ಟಿಲು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ. ಅವುಗಳ ಅವಧಿ 2021ರಲ್ಲಿ, ಮಸ್ಕಿ ಉಪಚುನಾವಣೆಯ ವರ್ಷವೇ, ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷದ ಮೇಲೆ ವರ್ಷ ಉರುಳಿತು. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂತು, ಚುನಾವಣೆ ಬರಲಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ತಾಲ್ಲೂಕು ಪಂಚಾಯಿತಿಯ ಸದಸ್ಯರ ಕುರ್ಚಿಗಳು ಖಾಲಿ ಉಳಿದವು, ಅಧಿಕಾರಿಗಳು ಆಡಳಿತ ನಡೆಸಿದರು. ಬೂತಿನಲ್ಲಿ ಚೀಟಿ ಹಂಚುತ್ತಿದ್ದ ಹುಡುಗನಿಗೆ ಇಷ್ಟು ವರ್ಷ ಸ್ಪರ್ಧಿಸಲು ಒಂದು ಜಾಗವಿರಲಿಲ್ಲ. ಆತ ಮತ್ತೆ ಗೌಡರ ಮನೆಯ ಕಟ್ಟೆಯ ಮೇಲೆ ಕೂತು ಮುಂದಿನ ವಿಧಾನಸಭೆಯ ಟಿಕೆಟ್ ಯಾರಿಗೆ ಎಂದು ಬೆಂಗಳೂರಿನಿಂದ ಬರುವ ಸುದ್ದಿಗೆ ಕಾಯುತ್ತಾನೆ.